ಕಸ ಯಾರ ಕೇರಿಗೆ?

ಅಮೆರಿಕದ ಹ್ಯೂಸ್ಟನ್ ಅಂಗೈಯಂತೆ ಸಪಾಟಾದ ಊರು. ಅಲ್ಲಿ ಗುಡ್ಡವೊಂದು ಕಂಡರೆ ಅದು ಕಸದ್ದಿರಬಹುದೆಂದು ಅನುಮಾನಪಡಬೇಕು. 1979ರಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಬುಲ್ಲಾರ್ಡ್ ತಮ್ಮ ವಿದ್ಯಾರ್ಥಿಗಳನ್ನು ಈ ಗುಡ್ಡಗಳ ಲೆಕ್ಕಕ್ಕೆ ಹಚ್ಚಿದರು. ಕಸದ ಗುಂಡಿಯೊಂದರ ವಿರುದ್ಧ ವಕೀಲೆ ಪತ್ನಿ ಲಿಂಡಾ ಹೂಡಿದ್ದ ಮೊಕದ್ದಮೆಗೆ ಪುರಾವೆ ಬೇಕಿತ್ತು. ಕಂಪ್ಯೂಟರ್ ನಕ್ಷೆಗಳಿಲ್ಲದ ಕಾಲ. ಹಳೇ ಕಡತ ತಿರುವಿ, ಬೀದಿ ಸುತ್ತಿ ಲೆಕ್ಕ ಹಾಕಿದರು. ನಗರಾಡಳಿತದ ಐದಕ್ಕೆ ಐದೂ ಕಸದ ಗುಂಡಿಗಳು, ಕಸ ಸುಡುವ ಎಂಟು ಘಟಕಗಳಲ್ಲಿ ಆರು ಕಪ್ಪು ಜನರ ಕೇರಿಗಳಲ್ಲಿದ್ದವು. ಊರಿನಲ್ಲಿ ಅವರಿದ್ದದ್ದು ಕಾಲು ಭಾಗ.

ಕೇಸು ಸೋತಿತು. ಲೆಕ್ಕ ಉಳಿಯಿತು.

ದೇಶದ ಕಣ್ಣಿಗೆ ಬಿದ್ದದ್ದು ಮಾತ್ರ ಉತ್ತರ ಕೆರೊಲಿನಾದ ಗಲಾಟೆ. ಅಲ್ಲಿ 1978ರಲ್ಲಿ ಪಿಸಿಬಿ ಎಂಬ ವಿಷ ಬೆರೆತ ಎಣ್ಣೆಯನ್ನು ಸುಮಾರು 240 ಮೈಲಿ ಉದ್ದಕ್ಕೂ ರಸ್ತೆಬದಿಗೆ ಕದ್ದು ಸುರಿದಿದ್ದರು. ಎಣ್ಣೆ ಹೀರಿದ ಮಣ್ಣನ್ನು ಹೂಳಲು ಸರ್ಕಾರ ಆರಿಸಿದ್ದು ವಾರೆನ್ ಕೌಂಟಿಯ ಆಫ್ಟನ್ ಎಂಬ ಜಾಗವನ್ನು. ಕಪ್ಪು ಜನರು, ಬಡವರು ಹೆಚ್ಚಿದ್ದ ಸೀಮೆ. ಕುಡಿಯುವುದಕ್ಕೆ ಬಾವಿ ನೀರು. ಅಂತರ್ಜಲಕ್ಕೂ ಗುಂಡಿಗೂ ಐವತ್ತಡಿ ಅಂತರ ಬೇಕೆಂಬ ನಿಯಮವಿತ್ತು, ಅದಕ್ಕೂ ವಿನಾಯಿತಿ ಸಿಕ್ಕಿತು! 1982ರ ಸೆಪ್ಟೆಂಬರ್‌ನಲ್ಲಿ ಲಾರಿಗಳು ಬಂದಾಗ ಜನ ರಸ್ತೆಗೆ ಅಡ್ಡ ಮಲಗಿದರು. 500ಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. ಮಣ್ಣು ಹೂಳುವುದೇನೂ ನಿಲ್ಲಲಿಲ್ಲ.

ಆದರೆ ಬಂಧಿತರಲ್ಲಿ ಸಂಸತ್ತಿನ ಪ್ರತಿನಿಧಿ ವಾಲ್ಟರ್ ಫಾಂಟ್ರಾಯ್ ಇದ್ದರು. ಹೊರಬಂದವರೇ ಸಂಸತ್ತಿನ ಲೆಕ್ಕಪರಿಶೋಧಕರಿಗೆ ಕೆಲಸ ಹಚ್ಚಿದರು. 1983ರ ವರದಿಯ ಪ್ರಕಾರ ಆಗ್ನೇಯದ ಎಂಟು ರಾಜ್ಯಗಳಲ್ಲಿದ್ದ ನಾಲ್ಕು ದೊಡ್ಡ ವಿಷತ್ಯಾಜ್ಯದ ಗುಂಡಿಗಳಲ್ಲಿ ಮೂರು, ಕಪ್ಪು ಜನ ಬಹುಸಂಖ್ಯಾತರಾಗಿದ್ದ ಕಡೆ ಇದ್ದವು. 1987ರಲ್ಲಿ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಇಡೀ ದೇಶವನ್ನು ಅಂಚೆ ಸಂಖ್ಯೆಗಳ ಲೆಕ್ಕದಲ್ಲಿ ಜಾಲಾಡಿತು. ವಿಷ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬಡತನಕ್ಕಿಂತ ಬಣ್ಣವೇ ಖಚಿತವಾಗಿ ಹೇಳುತ್ತಿತ್ತು.

1994ರ ಫೆಬ್ರುವರಿ 11ರಂದು ಅಧ್ಯಕ್ಷ ಕ್ಲಿಂಟನ್ ಆದೇಶ ಸಂಖ್ಯೆ 12898ಕ್ಕೆ ಸಹಿ ಹಾಕಿದರು. ಪ್ರತಿ ಇಲಾಖೆಯೂ ತನ್ನ ನೀತಿಯ ಪೆಟ್ಟು ಬಡವರು, ಅಲ್ಪಸಂಖ್ಯಾತರ ಮೇಲೇ ಹೆಚ್ಚು ಬೀಳುತ್ತಿದೆಯೇ ಎಂದು ನೋಡಬೇಕಿತ್ತು. ನೋಡದಿದ್ದರೆ? ಕೋರ್ಟಿಗೆ ಹೋಗುವ ಹಕ್ಕನ್ನು ಇದು ಕೊಡುವುದಿಲ್ಲವೆಂದು ಆದೇಶವೇ ಹೇಳಿತ್ತು. ಇನ್ನೊಂದು ದಾರಿಯಾಗಿದ್ದ 1964ರ ನಾಗರಿಕ ಹಕ್ಕುಗಳ ಕಾಯ್ದೆಯನ್ನೂ 2001ರಲ್ಲಿ ಸುಪ್ರೀಂ ಕೋರ್ಟ್ ಕಿರಿದಾಗಿಸಿತು: ನೀತಿಯಿಂದ ಅಸಮಾನ ಹಾನಿಯಾಗಿದೆ ಎಂದಷ್ಟೇ ಹೇಳಿ ನಾಗರಿಕರು ದಾವೆ ಹೂಡುವಂತಿಲ್ಲ. 2014ರಲ್ಲಿ ಫ್ಲಿಂಟ್ ನಗರದ ನಲ್ಲಿಗಳಲ್ಲಿ ಸೀಸ ಹರಿಯುವ ಹೊತ್ತಿಗೆ ಆದೇಶಕ್ಕೆ ಇಪ್ಪತ್ತು ವರ್ಷ ತುಂಬಿತ್ತು.

ಬೈಡನ್ 2021ರಲ್ಲಿ ಹವಾಮಾನ ಯೋಜನೆಗಳ ಫಲದಲ್ಲಿ ಶೇ. 40ರಷ್ಟು ಹಿಂದುಳಿದ ಬಡಾವಣೆಗಳಿಗೆ ಸಿಗಬೇಕೆಂದರು. ಬಡಾವಣೆಗಳನ್ನು ಗುರುತಿಸುವ ಶ್ವೇತಭವನದ ಪಟ್ಟಿಯಲ್ಲಿ ಮಾತ್ರ ಬಣ್ಣವನ್ನು ಮಾನದಂಡವಾಗಿ ಬಳಸಲಿಲ್ಲ. ಬುಲ್ಲಾರ್ಡ್ ಎಣಿಸಿದ್ದೇ ಅದನ್ನು.

2025ರ ಜನವರಿಯಲ್ಲಿ ಟ್ರಂಪ್ ಸಹಿಯೊಂದಿಗೆ 12898 ರದ್ದಾಯಿತು. ಮರುತಿಂಗಳು, ಯಾವ ಬೀದಿಯಲ್ಲಿ ಎಷ್ಟು ಮಾಲಿನ್ಯ, ಅಲ್ಲಿ ಯಾರಿದ್ದಾರೆ ಎಂದು ತೋರಿಸುತ್ತಿದ್ದ ಸರ್ಕಾರಿ ನಕ್ಷೆ ‘ಇಜೆಸ್ಕ್ರೀನ್’ ಕೂಡ ಜಾಲತಾಣದಿಂದ ಕಾಣೆಯಾಯಿತು. ಸರ್ಕಾರದ ಹೊರಗಿನ ಸಂಶೋಧಕರು ಅದರ ಪ್ರತಿ ಇಟ್ಟುಕೊಂಡಿದ್ದರು. ಬೇರೆ ಕಡೆ ಮತ್ತೆ ತೆರೆದಿಟ್ಟರು.