ಹಂಚಿಕೊಳ್ಳುವ ಹಕ್ಕಿಗೆ ಕೋರ್ಟಿನ ಬಲ: ಮುಕ್ತ ತಂತ್ರಾಂಶದಿಂದ ಗುಜರಾತಿನ ಬೀಜದವರೆಗೆ

2019ರ ಏಪ್ರಿಲ್‌ನಲ್ಲಿ ಅಹಮದಾಬಾದಿನ ವಾಣಿಜ್ಯ ನ್ಯಾಯಾಲಯಕ್ಕೆ ಬಂದ ದಾವೆಯೊಂದು ದೇಶದಾದ್ಯಂತ ಸುದ್ದಿಯಾಯಿತು. ಪೆಪ್ಸಿಕೊ ಇಂಡಿಯಾ ಕಂಪನಿ ತನ್ನ ಹೆಸರಿನಲ್ಲಿ ನೋಂದಣಿಯಾಗಿದ್ದ ಎಫ್‌ಸಿ-5 ಆಲೂಗಡ್ಡೆ ತಳಿಯನ್ನು ಅನುಮತಿಯಿಲ್ಲದೆ ಬೆಳೆದರೆಂದು ಸಾಬರಕಾಂಠಾ ಜಿಲ್ಲೆಯ ನಾಲ್ವರು ರೈತರಿಂದ ತಲಾ 1.05 ಕೋಟಿ ರೂಪಾಯಿ ಪರಿಹಾರ ಕೇಳಿತ್ತು. ಸಾಫ್ಟ್‌ವೇರ್ ಲೋಕ ಮೂರು ದಶಕಗಳಿಂದ ಎದುರಿಸುತ್ತ ಬಂದ ಪ್ರಶ್ನೆಯೇ ಅಂದು ಹೊಲದಿಂದ ಎದ್ದು ಬಂದಿತ್ತು. ಒಂದನ್ನು ನೂರಾಗಿಸಿ, ತಿದ್ದಿ, ಇನ್ನೊಬ್ಬರಿಗೆ ಕೊಡುವುದಕ್ಕೆ ಯಾರು ಷರತ್ತು ಹಾಕಬಹುದು? ಆ ಷರತ್ತನ್ನು ಕೋರ್ಟು ಎಲ್ಲಿಯವರೆಗೆ ಎತ್ತಿಹಿಡಿಯುತ್ತದೆ?

ಈ ಎರಡೂ ಕ್ಷೇತ್ರಗಳ ಚರಿತ್ರೆಯನ್ನು ಒಟ್ಟಿಗೆ ಓದಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಹಂಚಿಕೊಳ್ಳುವ ಸ್ವಾತಂತ್ರ್ಯ ಒಳ್ಳೆಯ ಮನಸ್ಸೊಂದರಿಂದಲೇ ಉಳಿಯುವುದಿಲ್ಲ. ನ್ಯಾಯಾಧೀಶರ ಮುಂದಿಡಲು ಅದಕ್ಕೊಂದು ಗಟ್ಟಿಯಾದ ಆಧಾರ ಬೇಕು.

ತಂತ್ರಾಂಶದ ದಾರಿ

ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ 1989ರಲ್ಲಿ ರೂಪಿಸಿದ ಜಿಪಿಎಲ್ ಎಂಬ ಪರವಾನಗಿ ಹಕ್ಕುಸ್ವಾಮ್ಯ ಕಾನೂನನ್ನೇ ಹಂಚಿಕೆಯ ಕಾವಲಿಗೆ ನಿಲ್ಲಿಸಿತು. ಪ್ರೋಗ್ರಾಮನ್ನು ಯಾರು ಬೇಕಾದರೂ ಬಳಸಲಿ, ತಿದ್ದಲಿ, ಮಾರಲಿ. ಆದರೆ ತಿದ್ದಿದ್ದನ್ನು ಹಂಚುವಾಗ ಅದರ ಸೋರ್ಸ್ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ಇದು ಕೋರ್ಟಿನಲ್ಲಿ ನಿಲ್ಲುತ್ತದೆಯೇ ಎಂಬ ಅನುಮಾನ ಹದಿನೈದು ವರ್ಷ ಹಾಗೆಯೇ ಉಳಿಯಿತು. ಸಹಿ ಇಲ್ಲ, ಹಣ ಕೈಬದಲಾಗುವುದಿಲ್ಲ, ಕೊಟ್ಟವರಿಗೂ ಪಡೆದವರಿಗೂ ಮುಖಪರಿಚಯವೂ ಇಲ್ಲ.

ಮೊದಲ ಗಟ್ಟಿ ಉತ್ತರ 2004ರ ಮೇ ತಿಂಗಳಲ್ಲಿ ಜರ್ಮನಿಯ ಮ್ಯೂನಿಕ್‌ನಿಂದ ಬಂತು. ಲಿನಕ್ಸ್‌ನ ನೆಟ್‌ಫಿಲ್ಟರ್ ಭಾಗವನ್ನು ಬಳಸಿಕೊಂಡೂ ಜಿಪಿಎಲ್ ಷರತ್ತು ಪಾಲಿಸದ ಸೈಟ್‌ಕಾಮ್ ಕಂಪನಿಯ ವಿರುದ್ಧ ಆ ಭಾಗದ ಕರ್ತೃಗಳಲ್ಲೊಬ್ಬರಾದ ಹೆರಾಲ್ಡ್ ವೆಲ್ಟೆ ತಂದ ತಡೆಯಾಜ್ಞೆಯನ್ನು ಅಲ್ಲಿನ ಕೋರ್ಟು ಎತ್ತಿಹಿಡಿಯಿತು. ಷರತ್ತು ಮುರಿದವನಿಗೆ ಬಳಸುವ ಅನುಮತಿಯೇ ಉಳಿಯುವುದಿಲ್ಲ, ಮುಂದಿನ ಬಳಕೆಯೆಲ್ಲ ಹಕ್ಕುಸ್ವಾಮ್ಯದ ಉಲ್ಲಂಘನೆ ಎಂಬುದು ಅದರ ತರ್ಕ. 2008ರಲ್ಲಿ ಅಮೆರಿಕದ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ ಜೇಕಬ್‌ಸನ್ ಮತ್ತು ಕ್ಯಾಟ್ಜರ್ ನಡುವಿನ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಪ್ರಕರಣದಲ್ಲಿದ್ದ, ಆಟಿಕೆ ರೈಲು ನಡೆಸುವ ತಂತ್ರಾಂಶವನ್ನು ಬಿಟ್ಟಿಯಾಗಿ ಕೊಟ್ಟಿದ್ದರೂ ಅದರ ಕರ್ತೃವಿಗೆ ಆರ್ಥಿಕ ಹಿತಾಸಕ್ತಿ ಇದೆ, ಪರವಾನಗಿಯ ಷರತ್ತುಗಳನ್ನು ಜಾರಿ ಮಾಡಿಸಬಹುದು ಎಂದು ಅದು ಹೇಳಿತು. 2017ರ ಆರ್ಟಿಫೆಕ್ಸ್ ಪ್ರಕರಣದಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟು ಜಿಪಿಎಲ್ ಉಲ್ಲಂಘನೆಗೆ ಕರಾರುಭಂಗದ ದಾವೆಯನ್ನೂ ಹೂಡಬಹುದು ಎಂದಿತು. 2024ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಮೇಲ್ಮನವಿ ನ್ಯಾಯಾಲಯ ಜಿಪಿಎಲ್ ಷರತ್ತು ಮುರಿದ ಒರಾಂಜ್ ದೂರಸಂಪರ್ಕ ಕಂಪನಿ ಎಂಟು ಲಕ್ಷ ಯೂರೊಗೂ ಮಿಕ್ಕಿದ ಪರಿಹಾರ ಕೊಡಬೇಕೆಂದಿತು.

ಭಾರತದ ಕಾನೂನಿನಲ್ಲೂ ಈ ಕಟ್ಟಡಕ್ಕೆ ಅಡಿಪಾಯವಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 1984ರ ತಿದ್ದುಪಡಿ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ಸೇರಿಸಿತು. ಪರವಾನಗಿ ಲಿಖಿತವಾಗಿರಬೇಕೆಂದು 30ನೇ ಸೆಕ್ಷನ್ ಹೇಳುತ್ತದೆ. ಸಹಿ ಇರಲೇಬೇಕೆಂಬ ಮಾತನ್ನು 2012ರ ತಿದ್ದುಪಡಿ ತೆಗೆದುಹಾಕಿತು. ಅಂತರ್ಜಾಲದಲ್ಲಿ ಹಂಚುವ ಪರವಾನಗಿಗಳಿಗೆ ಇದೊಂದು ದೊಡ್ಡ ಅನುಕೂಲ. ಆದರೆ ಒಂದು ಮುಳ್ಳು ಉಳಿದಿದೆ. 30ಎ ಮೂಲಕ ಪರವಾನಗಿಗೂ ಅನ್ವಯವಾಗುವ 19ನೇ ಸೆಕ್ಷನ್ ಪ್ರಕಾರ, ಅವಧಿ ಬರೆಯದಿದ್ದರೆ ಅದನ್ನು ಐದು ವರ್ಷ ಎಂದು, ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ ಸೀಮಿತ ಎಂದು ಭಾವಿಸಲಾಗುತ್ತದೆ. 2007ರ ಮೂರನೇ ಆವೃತ್ತಿಯ ಜಿಪಿಎಲ್ ತನ್ನ ಅವಧಿ ಹಕ್ಕುಸ್ವಾಮ್ಯ ಇರುವಷ್ಟು ಕಾಲ ಎಂದು ಬಿಡಿಸಿ ಹೇಳುತ್ತದೆ. 1991ರ ಎರಡನೇ ಆವೃತ್ತಿಯಲ್ಲಿ ಅವಧಿಯ ಮಾತೇ ಇಲ್ಲ. ಲಿನಕ್ಸ್‌ನ ತಿರುಳು ಇಂದಿಗೂ ಆ ಎರಡನೇ ಆವೃತ್ತಿಯ ಅಡಿಯಲ್ಲಿದೆ. ಹಾಗಾಗಿ ಅಹಮದಾಬಾದಿನ ಸಾಧನ ತಯಾರಕರಿಂದ ಬೆಂಗಳೂರಿನ ಕಂಪನಿಗಳವರೆಗೆ ಎಲ್ಲರೂ ತಲೆಕೆಡಿಸಿಕೊಳ್ಳಬೇಕಾದ ವಿಷಯವಿದು.

ಸೂರತ್: ಷರತ್ತಿಲ್ಲದ ಹಂಚಿಕೆ

ಬೀಜದ ಕಥೆ ಇದಕ್ಕಿಂತ ಹಳೆಯದು. ಸೂರತ್ತಿನ ಹತ್ತಿ ಸಂಶೋಧನಾ ಕೇಂದ್ರದಲ್ಲಿ ಸಿ.ಟಿ. ಪಟೇಲ್ ರೂಪಿಸಿದ ಎಚ್-4 ಎಂಬ ಸಂಕರ ತಳಿ 1970ರಲ್ಲಿ ಬಿಡುಗಡೆಯಾಯಿತು. ವಾಣಿಜ್ಯ ಮಟ್ಟದಲ್ಲಿ ಬೆಳೆದ ಜಗತ್ತಿನ ಮೊದಲ ಸಂಕರ ಹತ್ತಿ ಅದು. ಎರಡೇ ವರ್ಷದಲ್ಲಿ, 1972ರಲ್ಲಿ, ನಮ್ಮ ಧಾರವಾಡದಲ್ಲಿ ಬಿ.ಎಚ್. ಕಟರಕಿಯವರ ವರಲಕ್ಷ್ಮಿ ಬಂತು. ಎರಡೂ ಸಾರ್ವಜನಿಕ ಹಣದಲ್ಲಿ ಹುಟ್ಟಿದ ತಳಿಗಳು. ತಳಿಯ ಮೇಲೆ ಒಡೆತನ ಕೊಡುವ ಕಾನೂನು ಆಗ ದೇಶದಲ್ಲಿರಲಿಲ್ಲ. ಕೈಯಿಂದಲೇ ಹೂವಿನ ಪುಂಕೇಸರ ಕಿತ್ತು ಪರಾಗಸ್ಪರ್ಶ ಮಾಡಿಸುವ ಬೀಜೋತ್ಪಾದನೆ ಗುಜರಾತಿನ ಸಾವಿರಾರು ಕುಟುಂಬಗಳಿಗೆ ಕೆಲಸವಾಯಿತು. ಸೂರತ್, ವಡೋದರಾ, ಭರೂಚ್ ಸುತ್ತಿನ ಎರೆಭೂಮಿ ಸಂಕರ ಹತ್ತಿಯ ನೆಲವಾಯಿತು.

ಈ ಉದಾರತೆಗೆ ಒಂದು ಕೊರತೆಯಿತ್ತು. ಸಂಕರ ತಳಿಯ ಬೀಜವನ್ನು ಮರುಬಿತ್ತನೆಗೆ ಉಳಿಸಿಕೊಂಡರೆ ಗುಣ ಒಡೆದುಹೋಗುತ್ತದೆ. ಆದ್ದರಿಂದ ನಿಜವಾದ ಸಂಪತ್ತು ಅದರ ತಾಯಿ-ತಂದೆ ತಳಿಗಳಲ್ಲಿದೆ. ಸಾರ್ವಜನಿಕ ತಳಿಗಳನ್ನು ಪಡೆದು ಬೆಳೆದ ಖಾಸಗಿ ಕಂಪನಿಗಳು ತಮ್ಮ ತಾಯಿ-ತಂದೆ ತಳಿಗಳನ್ನು ಗುಟ್ಟಾಗಿಟ್ಟುಕೊಂಡವು. ಪಡೆದಂತೆ ಕೊಡಬೇಕು ಎಂಬ ಷರತ್ತು ಎಲ್ಲಿಯೂ ಬರೆದಿರಲಿಲ್ಲ.

ಅಹಮದಾಬಾದ್: ಕಳ್ಳದಾರಿಯ ಹಂಚಿಕೆ

2001ರ ಅಕ್ಟೋಬರ್‌ನಲ್ಲಿ ಇನ್ನೊಂದು ಬಗೆಯ ಹಂಚಿಕೆ ಬಯಲಾಯಿತು. ಆ ವರ್ಷ ಕಾಯಿಕೊರಕ ಹುಳುವಿನ ಕಾಟ ವಿಪರೀತವಾಗಿದ್ದಾಗ ಗುಜರಾತಿನ ಕೆಲವು ಹೊಲಗಳು ಮಾತ್ರ ಹಸಿರಾಗಿ ನಿಂತಿದ್ದವು. ಅಹಮದಾಬಾದಿನ ನವಭಾರತ್ ಸೀಡ್ಸ್ ಮಾರಿದ್ದ ನವಭಾರತ್-151 ತಳಿಯಲ್ಲಿ, ಇನ್ನೂ ಸರ್ಕಾರದ ಒಪ್ಪಿಗೆ ಪಡೆಯದ ಬಿಟಿ ವಂಶವಾಹಿ ಇದ್ದುದು ಪರೀಕ್ಷೆಯಲ್ಲಿ ತಿಳಿಯಿತು. ಬೆಳೆ ಸುಡಬೇಕೆಂಬ ಕೇಂದ್ರದ ಆದೇಶಕ್ಕೆ ರೈತರು ಒಪ್ಪಲಿಲ್ಲ. ಕಂಪನಿಯ ಮೇಲಿನ ಮೊಕದ್ದಮೆ ಪರಿಸರ ಸಂರಕ್ಷಣಾ ಕಾಯ್ದೆಯಡಿ ನಡೆಯಿತು. ಬೌದ್ಧಿಕ ಆಸ್ತಿಯ ಪ್ರಶ್ನೆ ಅಲ್ಲಿ ಬರಲಿಲ್ಲ. 2002ರ ಮಾರ್ಚ್‌ನಲ್ಲಿ ಅಧಿಕೃತ ಬಿಟಿ ಹತ್ತಿಗೆ ಅನುಮತಿ ಸಿಕ್ಕಾಗ 450 ಗ್ರಾಂ ಪೊಟ್ಟಣದ ಬೆಲೆ ಸುಮಾರು 1,600 ರೂಪಾಯಿ. ಅತ್ತ ಊರೂರುಗಳಲ್ಲಿ ಸ್ಥಳೀಯ ತಳಿಗಳೊಂದಿಗೆ ಬೆರೆಸಿದ ಬೀಜ ಬಿಲ್ಲಿಲ್ಲದೆ, ಅಗ್ಗಕ್ಕೆ ಕೈಬದಲಾಯಿತು. ರೈತರ ಜಾಣ್ಮೆಗೆ ಅದು ಸಾಕ್ಷಿ, ನಿಜ. ಆದರೆ ಮೊಳಕೆ ಬಾರದಿದ್ದರೆ, ಕಲಬೆರಕೆಯಾಗಿದ್ದರೆ ಕೇಳಲು ಯಾರೂ ಇರಲಿಲ್ಲ. ಕಾನೂನಿನ ಹೊರಗಿನ ಹಂಚಿಕೆಯಲ್ಲಿ ನಷ್ಟವೆಲ್ಲ ಬಡವನ ಪಾಲಿಗೆ.

39ನೇ ಸೆಕ್ಷನ್ನಿನ ಪರೀಕ್ಷೆ

ಅದೇ 2001ರಲ್ಲಿ ಸಂಸತ್ತು ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯನ್ನು ಅಂಗೀಕರಿಸಿತು. 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿ ದೇಶದ ಕಣ್ಣು ತೆರೆಸಿದ ಕರ್ನಾಟಕ ರಾಜ್ಯ ರೈತ ಸಂಘದ ಹೋರಾಟವೂ ಈ ಕಾಯ್ದೆಯ ಹಿನ್ನೆಲೆಯಲ್ಲಿದೆ. ನೋಂದಾಯಿತ ತಳಿಯ ಬೀಜವನ್ನೂ ಉಳಿಸಿಕೊಳ್ಳುವ, ಬಿತ್ತುವ, ವಿನಿಮಯ ಮಾಡುವ, ಹಂಚುವ, ಮಾರುವ ಹಕ್ಕನ್ನು ಅದರ 39ನೇ ಸೆಕ್ಷನ್ ರೈತನಿಗೆ ಕೊಡುತ್ತದೆ. ಬ್ರಾಂಡ್ ಹೆಸರಿನಲ್ಲಿ ಮಾತ್ರ ಮಾರುವಂತಿಲ್ಲ. ತಂತ್ರಾಂಶದಲ್ಲಿ ಖಾಸಗಿ ಪರವಾನಗಿ ಮಾಡಿದ ಕೆಲಸವನ್ನು ಇಲ್ಲಿ ಶಾಸನವೇ ಮಾಡಿತು.

2019ರ ಅಹಮದಾಬಾದಿನ ಪೆಪ್ಸಿಕೊ ದಾವೆ ಈ ಹಕ್ಕಿನ ಪರೀಕ್ಷೆಯಾಗಬೇಕಿತ್ತು. ಕೋರ್ಟು ಮೊದಲಿಗೆ ಮಧ್ಯಂತರ ತಡೆಯಾಜ್ಞೆ ಕೊಟ್ಟಿತು. ತನ್ನಿಂದ ಬೀಜ ಕೊಂಡು ತನಗೇ ಬೆಳೆ ಮಾರಿ, ಇಲ್ಲವೇ ಆ ತಳಿ ಬೆಳೆಯುವುದಿಲ್ಲವೆಂದು ಬರೆದುಕೊಡಿ ಎಂದು ಕಂಪನಿ ರಾಜಿಯ ಪ್ರಸ್ತಾಪವಿಟ್ಟಿತು. ಅಂದರೆ ಶಾಸನ ಆಗಲೇ ಕೊಟ್ಟಿದ್ದ ಹಕ್ಕನ್ನು ಕರಾರಿನ ಮೂಲಕ ಬಿಟ್ಟುಕೊಡಿ ಎಂಬ ಕೋರಿಕೆ! ದೇಶಾದ್ಯಂತ ವಿರೋಧ ಎದ್ದು ಮೇ ತಿಂಗಳಲ್ಲಿ ದಾವೆಗಳು ವಾಪಸಾದವು. ರೈತರು ಪಾರಾದರು, ಆದರೆ 39ನೇ ಸೆಕ್ಷನ್ನಿನ ಅರ್ಥ ಆ ಕೋರ್ಟಿನಲ್ಲಿ ತೀರ್ಮಾನವಾಗದೆ ಉಳಿಯಿತು.

ಮುಂದಿನ ಹೋರಾಟ ನೋಂದಣಿಯ ಸುತ್ತ ನಡೆಯಿತು. ರೈತ ಹಕ್ಕುಗಳ ಕಾರ್ಯಕರ್ತೆ ಕವಿತಾ ಕುರುಗಂಟಿಯವರ ಅರ್ಜಿಯ ಮೇಲೆ ಸಸ್ಯತಳಿ ಪ್ರಾಧಿಕಾರ 2021ರ ಡಿಸೆಂಬರ್ 3ರಂದು ಎಫ್‌ಸಿ-5ರ ನೋಂದಣಿ ರದ್ದುಮಾಡಿತು. 2023ರ ಜುಲೈನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ಎತ್ತಿಹಿಡಿಯಿತು. 2024ರ ಜನವರಿ 9ರಂದು ವಿಭಾಗೀಯ ಪೀಠ ಆ ತೀರ್ಪನ್ನು ತಳ್ಳಿಹಾಕಿ ಕಂಪನಿಯ ಪರ ನಿಂತಿತು. ವಾದವೆಲ್ಲ ಹೆಚ್ಚಾಗಿ ಕಂಪನಿಯ ನೋಂದಣಿ ಅರ್ಜಿಯ ದೋಷಗಳ ಸುತ್ತಲೇ ಸುತ್ತಿತು.

ಬೀಜಕ್ಕೊಂದು ಜಿಪಿಎಲ್?

ತಂತ್ರಾಂಶದ ಪರವಾನಗಿಯನ್ನು ಬೀಜಕ್ಕೆ ತರುವ ಪ್ರಯತ್ನವೂ ಹಳೆಯದೇ. 1999ರಲ್ಲಿ ಕೆನಡಾದ ಹುರುಳಿಕಾಯಿ ತಳಿವಿಜ್ಞಾನಿ ಟಾಮ್ ಮೈಕೇಲ್ಸ್ ಇಂಥದೊಂದು ಪರವಾನಗಿ ಸೂಚಿಸಿದರು. 2002ರಲ್ಲಿ ಭಾರತದ ಕೃಷ್ಣ ರವಿ ಶ್ರೀನಿವಾಸ್ 'ಬಯೋಲಿನಕ್ಸ್' ಎಂಬ ಕಲ್ಪನೆ ಮುಂದಿಟ್ಟರು. 2012ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಆರಂಭವಾದ ಓಪನ್ ಸೋರ್ಸ್ ಸೀಡ್ ಇನಿಷಿಯೇಟಿವ್ ಕಾನೂನು ಪರವಾನಗಿಯನ್ನೇ ಬರೆಯಹೊರಟು, ಅದು ಬೀಜದ ಪೊಟ್ಟಣಕ್ಕೆ ಒಗ್ಗದಷ್ಟು ಉದ್ದವಾದಾಗ, ನೈತಿಕ ಪ್ರತಿಜ್ಞೆಗೆ ಇಳಿಯಿತು. 2017ರಲ್ಲಿ ಜರ್ಮನಿಯ ಅಗ್ರೆಕಾಲ್ ಸಂಸ್ಥೆ ಸನ್‌ವೀವಾ ಟೊಮ್ಯಾಟೊವನ್ನು ಲಿಖಿತ ಪರವಾನಗಿಯೊಡನೆ ಬಿಡುಗಡೆ ಮಾಡಿತು.

ಇಲ್ಲಿನ ತೊಡಕು ಮೂಲದಲ್ಲೇ ಇದೆ. ಕೋಡ್ ಬರೆದ ಕ್ಷಣವೇ, ನೋಂದಣಿಯಿಲ್ಲದೆ, ಶುಲ್ಕವಿಲ್ಲದೆ ಹಕ್ಕುಸ್ವಾಮ್ಯ ಹುಟ್ಟುತ್ತದೆ. ಜಿಪಿಎಲ್‌ಗೆ ಬಲ ಬರುವುದು ಅಲ್ಲಿಂದ. ತಳಿ ಬೆಳೆಸಿದವನಿಗೆ ಹಾಗೆ ತಾನಾಗಿ ಯಾವ ಹಕ್ಕೂ ಹುಟ್ಟುವುದಿಲ್ಲ. ಬರೀ ಕರಾರಿನ ಬಲ ಒಪ್ಪಿದವನನ್ನು ಕಟ್ಟಿಹಾಕೀತು. ಅವನಿಂದ ಬೀಜ ಪಡೆದ ಮೂರನೆಯವನನ್ನು ಮುಟ್ಟುವುದು ಕಷ್ಟ.

ನಮ್ಮ ಸಸ್ಯತಳಿ ಕಾಯ್ದೆಯಲ್ಲಿ ಇದಕ್ಕೆ ದಾರಿ ಇದೆ ಎಂಬುದು ನನ್ನ ನಂಬಿಕೆ. ರೈತರು ತಮ್ಮ ತಳಿಯನ್ನು ಶುಲ್ಕವಿಲ್ಲದೆ ನೋಂದಾಯಿಸಬಹುದು, ವಿಶ್ವವಿದ್ಯಾಲಯಗಳೂ ನೋಂದಾಯಿಸಬಹುದು. ನೋಂದಣಿಯಿಂದ ಬರುವ ಹಕ್ಕನ್ನು ಬೇರೆಯವರಿಗೆ ಷರತ್ತಿನ ಮೇಲೆ ಕೊಡಲು 28ನೇ ಸೆಕ್ಷನ್ ಅವಕಾಶ ಮಾಡಿಕೊಡುತ್ತದೆ. ಧಾರವಾಡ, ರಾಯಚೂರು, ಸೂರತ್ತಿನ ಸಂಸ್ಥೆಗಳು ತಮ್ಮ ತಳಿಗಳನ್ನು ನೋಂದಾಯಿಸಿ, ಇದನ್ನು ಬಳಸಿ ಬೆಳೆಸಿದ ತಳಿಯೂ ಇದೇ ಷರತ್ತಿನಲ್ಲಿ ಎಲ್ಲರಿಗೂ ಸಿಗಬೇಕು ಎಂಬ ಮಾತನ್ನು ಪರವಾನಗಿಯಲ್ಲೇ ಬರೆಯಲಿ. ಅವಧಿ ಎಷ್ಟು, ಯಾವ ಪ್ರದೇಶಕ್ಕೆ, ಷರತ್ತು ಮುರಿದರೆ ಏನು ಎಂಬುದನ್ನೂ ಅಲ್ಲೇ ಬಿಡಿಸಿ ಹೇಳಲಿ; ತಂತ್ರಾಂಶದವರು ಕೋರ್ಟು ಹತ್ತಿ ಕಲಿತ ಪಾಠವಿದು. ಎಚ್-4, ವರಲಕ್ಷ್ಮಿಗಳ ಕಾಲದ ಔದಾರ್ಯ ದೊಡ್ಡದು. ಅದಕ್ಕೆ ಪಡೆದಂತೆ ಕೊಡಬೇಕೆಂಬ ಲಿಖಿತ ಷರತ್ತು ಸೇರಿದರೆ, ಸಾರ್ವಜನಿಕ ಹಣದಲ್ಲಿ ಹುಟ್ಟಿದ ತಳಿ ಸಾರ್ವಜನಿಕರ ಕೈಯಲ್ಲೇ ಉಳಿಯುತ್ತದೆ.