ತಾತನ ವರ್ಷದ ಕೂಲಿ: ಒಂದು ಕರಿ ಕಂಬಳಿ

ಎಲೆಕ್ಟ್ರಾನಿಕ್ ಸಿಟಿ ಹತ್ರದ ನಮ್ಮೂರಲ್ಲಿ ನನ್ನ ತಾತ ಜೀತಕ್ಕಿದ್ದರು. ವರ್ಷದ ದುಡಿಮೆಗೆ ಸಿಗ್ತಿದ್ದದ್ದು ಒಂದಿಷ್ಟು ರಾಗಿ, ಒಂದು ಜೊತೆ ಮೆಟ್ಟು, ಒಂದು ಕರಿ ಕಂಬಳಿ. ಆ ಮೆಟ್ಟು ಹೊಲಿದವರೂ ನಮ್ಮೋರೇ.

ಕುರಿಗಳಲ್ಲೂ ತಳಿಗೊಂದು ಗುಣ. ಬನ್ನೂರು ಕುರಿಯದ್ದು ಗಿಡ್ಡ ಕಾಲು, ತುಂಬಿದ ಮೈ, ಮಾಂಸಕ್ಕೆ ಹೆಸರುವಾಸಿ. ಅದು ಧಣಿ ಮನೆ ಹಬ್ಬಕ್ಕೆ. ಬಳ್ಳಾರಿ, ಡೆಕ್ಕನಿ ಕುರಿಗಳದ್ದು ಕೂದಲು ಬೆರೆತ ಒರಟು ಉಣ್ಣೆ. ಮೆರಿನೊ ಉಣ್ಣೆ ಥರ ಸೂಟಿಗೆ ಬರಲ್ಲ, ಮೈಗೆ ಚುಚ್ಚುತ್ತೆ. ಚಳ್ಳಕೆರೆ ಕಡೆಯ ಕುರುಬರು ಅದನ್ನೇ ನೂತು, ನೇಯ್ದು, ಹುಣಸೆಬೀಜದ ಗಂಜಿ ಹಾಕಿದರೆ ಮಳೆನೀರು ಬೇಗ ಒಳಗಿಳಿಯಲ್ಲ. ತಾತ ಮಳೇಲಿ ಅದನ್ನ ಕೊಪ್ಪೆ ಹಾಕ್ಕೊಂಡು ಹೊಲದಲ್ಲಿರ್ತಿದ್ದರು. ರಾತ್ರಿ ಕೊಟ್ಟಿಗೇಲಿ ಹಾಸೋಕೂ ಅದೇ, ಹೊದೆಯೋಕೂ ಅದೇ.

ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಎಲೆಕ್ಟ್ರಾನಿಕ್ ಸಿಟಿ ಶುರುವಾದದ್ದು 1978ರಲ್ಲಿ, ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ. ಆಮೇಲೆ ನಮ್ಮೂರ ಹೊಲಗಳೂ ಲೇಔಟ್ ಆದವು. ಪಹಣೀಲಿ ಹೆಸರಿದ್ದೋರಿಗೆ ದುಡ್ಡು ಬಂತು. ಆ ಹೊಲ ಉತ್ತ ತಾತನಿಗೆ ಉಳಿದದ್ದು ಕಂಬಳಿ.

ಕಂಬಳಿಯನ್ನ ನಮ್ಮ ಪರಂಪರೆ ಅಂತ ಹೊಗಳಿ, ಬೇಡ ಅನ್ನಲ್ಲ. ಅದು ಯಾರ ವರ್ಷದ ಕೂಲಿ ಆಗಿತ್ತು ಅನ್ನೋದನ್ನೂ ಬರೀರಿ.

ಜೈ ಭೀಮ್.