ಬೀದರ ಸೀಮೆಯ ಅಂಚೆಯಂಕಗಳು

ಹಿಂದಿನ ಬೀದರ ಜಿಲ್ಲೆಯಲ್ಲಿ ಔರಾದವೆಂಬ ಊರುಗಳು ಎರಡಿದ್ದುವು. ಒಂದು ಇಂದಿನ ತಾಲ್ಲೂಕಿನ ಮುಖ್ಯಸ್ಥಳವಾದ ಔರಾದ; ಮತ್ತೊಂದು ನಿಲಂಗಾ ತಾಲ್ಲೂಕಿನ ಔರಾದ ಶಹಾಜಾನಿ. ಕನ್ನಡ, ಮರಾಠಿ, ಉರ್ದುಗಳು ಬೆರೆತ ಆ ನಾಡಿನಲ್ಲಿ ಮೇಲ್ವಿಳಾಸವನ್ನು ಯಾವ ಲಿಪಿಯಲ್ಲಿ ಬರೆದರೂ ಬರಿಯ ‘ಔರಾದ’ದಿಂದ ಊರು ಇಂಥದೆಂದು ನಿಶ್ಚಯವಾಗದು.

ಆ ಕಾಲಕ್ಕೆ ಹೈದರಾಬಾದು ಸಂಸ್ಥಾನದ ಅಂಚೆಯೇ ಬೇರೆಯಾಗಿದ್ದಿತು. 1869ರಿಂದ ಅದು ತನ್ನದೇ ಮುದ್ರೆಗಳನ್ನು ಹೊರಡಿಸುತ್ತಿದ್ದಿತು; 1931ರ ಹನ್ನೆರಡಾಣೆಯ ಮುದ್ರೆಯ ಮೇಲೆ ಬೀದರದ ಮಹಮೂದ ಗವಾನನ ಮದರಸದ ಚಿತ್ರವಿದ್ದಿತು. (ಕೃತಕಪತ್ರವೊಂದರಿಂದಲೇ 1481ರಲ್ಲಿ ಪ್ರಾಣ ಕಳೆದುಕೊಂಡ ಮಂತ್ರಿಗೆ ಅಂಚೆಯಲ್ಲಿ ದೊರೆತ ಈ ಸ್ಮಾರಕವು ವಿಚಿತ್ರವಾದುದೇ ಸರಿ.) 1950ರಲ್ಲಿ ಆ ಅಂಚೆಯು ಭಾರತದ ಅಂಚೆಯೊಡನೆ ಸೇರಿಹೋಯಿತು.

1956ರ ನವೆಂಬರ್ 1ರಂದು ಜಿಲ್ಲೆಯೇ ಒಡೆಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯಕ್ಕೂ, ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿಗೂ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೂ ಸಂದುವು. ನೆಂಟಸ್ತನಗಳು ಗಡಿಯನ್ನು ನೋಡಿ ಬೆಳೆದವಲ್ಲ. ನೆಂಟರಿಷ್ಟರ ಕಾಗದಗಳು ಅಂದಿನಿಂದ ರಾಜ್ಯವನ್ನು ದಾಟಿ ಹೋಗಬೇಕಾದುವು.

ಹೆಸರುಗಳ ಈ ಗೊಂದಲವು ದೇಶದಲ್ಲೆಲ್ಲ ಇದ್ದುದೇ. ಕೇಂದ್ರ ಸಂಪರ್ಕ ಸಚಿವಾಲಯದ ಅಧಿಕಾರಿಯೂ ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರರು ಇದಕ್ಕೆ ರೂಪಿಸಿದ ಪರಿಹಾರವೇ 1972ರ ಆಗಸ್ಟ್ 15ರಂದು ಬಳಕೆಗೆ ಬಂದ ಆರಂಕಿಗಳ ಪಿನ್ ಸಂಖ್ಯೆ. ಇದರಲ್ಲಿ ಮೊದಲ ಅಂಕಿಯು ವಲಯವನ್ನೂ, ಎರಡನೆಯದು ಉಪವಲಯವನ್ನೂ, ಮೂರನೆಯದು ವಿಂಗಡಣೆಯ ಜಿಲ್ಲೆಯನ್ನೂ ಸೂಚಿಸುವುವು. ಕಡೆಯ ಮೂರು ಅಂಕಿಗಳು ಬಟವಾಡೆಯ ಅಂಚೆಮನೆಯವು. ಒಂದರಿಂದ ಎಂಟರವರೆಗಿನವು ನಾಡಿನ ವಲಯಗಳು. ಒಂಬತ್ತು ಸೇನೆಗೆ ಮೀಸಲು.

ಔರಾದಕ್ಕೆ 585326 ಬಂದಿತು, ಔರಾದ ಶಹಾಜಾನಿಗೆ 413522. ಲಿಪಿ ಯಾವುದಾದರೂ ಇನ್ನು ಕಾಗದ ತಪ್ಪಲಾರದು. ಆದರೆ ಅಂಕಗಳಿಗೆ ಭಾಷೆಯಿಲ್ಲವೆಂಬುದು ಅರ್ಧಸತ್ಯ: 1956ರ ವಿಭಾಗವು ಮೊದಲ ಅಂಕಿಯಲ್ಲಿಯೇ ಅಚ್ಚೊತ್ತಿ ನಿಂತಿದೆ. ಜಹೀರಾಬಾದವು (502220) ಬೀದರದೊಡನೆ ಐದರ ವಲಯದಲ್ಲಿಯೇ ಉಳಿದರೂ ಎರಡನೆಯ ಅಂಕಿಗೆ ಬೇರೆಯಾಗುವುದು.

ರಾಜ್ಯದ ಗಡಿಯನ್ನು ಹೀಗೆ ಮನ್ನಿಸಿದ ಪದ್ಧತಿಯು ಕಂದಾಯದ ಜಿಲ್ಲೆಯನ್ನು ಮಾತ್ರ ಲೆಕ್ಕಿಸಿಲ್ಲ. ಬೀದರ ನಗರದ 585401, ಭಾಲ್ಕಿಯ 585328, ಕಲಬುರಗಿಯ 585101 ಇವೆಲ್ಲಕ್ಕೂ ತಲೆಯಂಕವು 585 ಒಂದೇ. ಔರಾದ, ಬಸವಕಲ್ಯಾಣ, ಭಾಲ್ಕಿಗಳು 326, 327, 328 ಎಂದು ಒಂದೇ ಸಾಲಿನಲ್ಲಿರಲು, ಅವುಗಳ ಜಿಲ್ಲೆಯ ಮುಖ್ಯಸ್ಥಳವಾದ ಬೀದರವು 401ರಲ್ಲಿ ಬೇರೆಯಾಗಿ ನಿಂತಿರುವುದು.